ಶಾನುಭೋಗರ ಪೆಟ್ಟಿಗೆಯಿಂದ ಹೊರಬಂದ ಪಹಣಿ

ಸರ್ಕಾರದ ಕೈಯಲ್ಲಿರುವ ಕಾಗದಗಳ ಪೈಕಿ ಕರ್ನಾಟಕದ ರೈತನಿಗೆ ಅತಿ ಹೆಚ್ಚು ಸಲ ಬೇಕಾಗುವುದು ಪಹಣಿ. ಸೊಸೈಟಿ ಸಾಲಕ್ಕೆ, ಬೆಳೆ ವಿಮೆಗೆ, ಬರ ಪರಿಹಾರಕ್ಕೆ, ಕೋರ್ಟಿನಲ್ಲಿ ಜಾಮೀನು ನಿಲ್ಲುವುದಕ್ಕೆ, ಅಣ್ಣತಮ್ಮಂದಿರ ಪಾಲಿಗೆ, ಕ್ರಯಕ್ಕೆ ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ. ತುಂಗಭದ್ರೆಯ ಬಯಲಿನ ಗೋವಿನಕೋವಿ ಎಂಬ ಊರಿನ ಒಂದು ಸರ್ವೆ ನಂಬರಿನ ಪಹಣಿಯನ್ನು ಇಂದು ಊರಿನವರಷ್ಟೇ ಅಲ್ಲ, ಆ ಊರನ್ನು ಕಂಡೇ ಇರದವರೂ ನೋಡಬಹುದು. ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೆ ಸಾಕು. ಯಾರ ಹೆಸರಿನಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ, ಅದು ಹೇಗೆ ಬಂತು, ಅದರ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದೆಲ್ಲ ಎದುರಿಗೆ ಬರುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ಇದೇ ವಿವರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿತ್ತು. ಅಂದಿನಿಂದ ಇಂದಿನವರೆಗೂ ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ತೀರ್ಮಾನ ಪದೇ ಪದೇ ಬದಲಾಗಿದೆ. ಅದನ್ನು ತೀರ್ಮಾನಿಸಿದವನು ಮಾತ್ರ ಬಹುಮಟ್ಟಿಗೆ ರೈತನಲ್ಲ.

ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ ಭೂದಾಖಲೆ ಇಂದಿನ ದಾವಣಗೆರೆ ಜಿಲ್ಲೆಯ ಈ ಸೀಮೆಗೆ ಹೊಸದೇನಲ್ಲ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ಅವುಗಳಲ್ಲಿ ಬಹಳಷ್ಟು ದಾನಶಾಸನಗಳು. ಇಂಥ ಗದ್ದೆ, ಇಂಥ ಕೆರೆಯ ಕೆಳಗೆ, ಇಷ್ಟು ಅಳತೆ, ಇಂತಿಂಥ ಎಲ್ಲೆ ಎಂದು ಬರೆದು, ತಪ್ಪಿದವನಿಗೆ ಶಾಪ ಹಾಕಿ, ಗುಡಿಯ ಮುಂದೋ ಕೆರೆ ಏರಿಯ ಮೇಲೋ ನೆಟ್ಟ ಕಲ್ಲುಗಳು. ಆದರೆ ಕಲ್ಲಿಗೆ ಏರಿದ್ದು ದಾನದ ಭೂಮಿ, ದೇವರ ಭೂಮಿ, ಯುದ್ಧದಲ್ಲೋ ತುರುಗೋಳಿನಲ್ಲೋ ಸತ್ತವನ ಮನೆಗೆ ಬಿಟ್ಟ ಭೂಮಿ. ಉಳುವವನ ಸಾಧಾರಣ ಹಿಡುವಳಿ ಕಲ್ಲಿಗೆ ಏರಲಿಲ್ಲ. ಅದು ಲೆಕ್ಕದವನ ಪುಸ್ತಕದಲ್ಲೇ ಉಳಿಯಿತು.

ಆ ಪುಸ್ತಕದ ಹೆಸರು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕಪ್ಪು ಹಾಳೆ ಅದು. ಹುಳ ಮುಟ್ಟದ, ಬೇಗ ಹರಿಯದ, ತಲೆಮಾರುಗಟ್ಟಲೆ ಬಾಳುವ ಈ ಹಾಳೆಗೆ ಇನ್ನೊಂದು ಗುಣವಿತ್ತು: ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಹಿಡುವಳಿ ಕೈ ಬದಲಾದಾಗ ಅದು ಅನುಕೂಲ. ಬರೆಯುವವನ ಮನಸ್ಸು ಬದಲಾದಾಗ ಅದೇ ಅಪಾಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿಯ ಜನ ಊರೂರು ತಿರುಗಿ ಕೈಫಿಯತ್ತುಗಳನ್ನೂ ಕಡತಗಳ ನಕಲುಗಳನ್ನೂ ಕೂಡಿಹಾಕಿದ್ದು ಇಂಥ ಲೆಕ್ಕದವರ ಮನೆಗಳಿಂದಲೇ.

ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆ. ಪಟೇಲ ಕಂದಾಯ ಎತ್ತುತ್ತಿದ್ದ, ಶಾನುಭೋಗ ಲೆಕ್ಕ ಇಡುತ್ತಿದ್ದ, ತಳವಾರ ಮತ್ತು ತೋಟಿ ಕರೆದು ತರುತ್ತಿದ್ದರು, ನೀರಗಂಟಿ ನೀರು ಹಾಯಿಸುತ್ತಿದ್ದ. ಇವರಲ್ಲಿ ಶಾನುಭೋಗನ ಬಲ ಪೂರ್ತಿಯಾಗಿ ಅಕ್ಷರದ ಬಲ. ಊರಿನ ಬಹುಪಾಲು ಜನಕ್ಕೆ ಓದು ಬಾರದ ಕಾಲದಲ್ಲಿ, ಯಾರ ಹೊಲದ ಎಲ್ಲೆ ಎಲ್ಲಿಗೆ, ಯಾರ ಬಾಕಿ ಎಷ್ಟು, ಯಾವ ಬೀಳು ಯಾರಿಗೆ ಸೇರಿದ್ದು ಎಂಬುದು ಅವನು ಹೇಳಿದಂತೆ. ಲೆಕ್ಕದ ಪುಸ್ತಕ ಚಾವಡಿಯಲ್ಲಿ ಇರಬೇಕಾದದ್ದು ಅವನ ಮನೆಯಲ್ಲಿ ಇರುತ್ತಿತ್ತು. ಎಲ್ಲ ಶಾನುಭೋಗರೂ ಕೆಟ್ಟವರಲ್ಲ. ಊರಿನ ಪತ್ರ ಬರೆದುಕೊಟ್ಟವರು, ಮಕ್ಕಳಿಗೆ ಅಕ್ಷರ ಕಲಿಸಿದವರು, ಬರದ ವರ್ಷ ರೈತನ ಪರ ಅರ್ಜಿ ಗೀಚಿದವರು ಅವರಲ್ಲೇ ಇದ್ದರು. ಆದರೆ ಒಳ್ಳೆಯವನಾದರೂ ಕೆಟ್ಟವನಾದರೂ, ಪುಸ್ತಕ ತೋರಿಸುವುದು ಅವನ ಕೃಪೆಯಾಗಿತ್ತು, ಕೇಳಿದವನ ಹಕ್ಕಾಗಿರಲಿಲ್ಲ.

ಮೇಲಿನ ಆಡಳಿತಕ್ಕೂ ಈ ಮುಚ್ಚಿದ ಪುಸ್ತಕ ತಲೆನೋವೇ ಆಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶರತ್ತು ಪದ್ಧತಿಯಲ್ಲಿ ಅಮಲ್ದಾರನು ಇಷ್ಟು ಹಣ ಎತ್ತಿಕೊಡುತ್ತೇನೆಂದು ಮೊದಲೇ ಕರಾರು ಬರೆದುಕೊಡುತ್ತಿದ್ದ. ಊರಿನಿಂದ ನ್ಯಾಯವಾಗಿ ಬರಬೇಕಾದದ್ದು ಎಷ್ಟು ಎಂಬುದಕ್ಕಿಂತ ಕರಾರಿನಲ್ಲಿ ಬರೆದದ್ದು ಎಷ್ಟು ಎಂಬುದೇ ಮುಖ್ಯವಾಯಿತು. 1830–31ರಲ್ಲಿ ನಗರ ಫೌಜುದಾರಿಯ ರೈತರು ಕೂಟ ಸೇರಿ ಕಂದಾಯ ಕೊಡದೆ ದಂಗೆ ಎದ್ದಾಗ ಹೊನ್ನಾಳಿ ಸೀಮೆಯೂ ಅದರ ನೆಲೆಗಳಲ್ಲೊಂದಾಗಿತ್ತು. ದಂಗೆಯ ನಂತರ 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. 1863ರಲ್ಲಿ ಮುಂಬಯಿ ಪ್ರಾಂತದ ಮಾದರಿಯಲ್ಲಿ ಮೈಸೂರು ಕಂದಾಯ ಸರ್ವೆ ಶುರುವಾಯಿತು. ಸರಪಳಿ ಎಳೆದು, ಬಾಂದುಕಲ್ಲು ನೆಟ್ಟು, ಪ್ರತಿ ಹೊಲಕ್ಕೂ ನಂಬರು ಕೊಟ್ಟು, ನಕ್ಷೆ ಬರೆದು, ಮಣ್ಣಿನ ತರ ನೋಡಿ ಆಕಾರ ನಿಗದಿ ಮಾಡಿದರು. ಟಿಪ್ಪಣಿ, ಆಕಾರಬಂದ್, ಗ್ರಾಮನಕ್ಷೆ ಎಂದು ಇಂದಿಗೂ ಸರ್ವೆ ಕಚೇರಿಯಲ್ಲಿ ಕೇಳಿಬರುವ ಮಾತುಗಳು ಆ ಬಗೆಯ ಅಳತೆಯಿಂದ ಬಂದವು.

ಸರ್ವೆ ನಂಬರು ಬಂದದ್ದು ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಹೊಲವನ್ನು ಗುರುತಿಸುತ್ತಿದ್ದದ್ದು ಹೆಸರಿನಿಂದ, ಮರದಿಂದ, ಪಕ್ಕದವನಿಂದ. ಅಂದರೆ ಊರಿನವರಿಗೆ ಮಾತ್ರ. ನಂಬರು ಬಂದ ಮೇಲೆ ಊರು ನೋಡದವನೂ ಆ ಹೊಲದ ಮಾತಾಡಬಹುದಾಯಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಕಂಪ್ಯೂಟರು ಹೆಚ್ಚು ಕಷ್ಟವಿಲ್ಲದೆ ಈ ದಾಖಲೆಯ ಮೇಲೆ ಕೂರಲು ಸಾಧ್ಯವಾದದ್ದು ಈ ನಂಬರಿನಿಂದಲೇ.

ಕಾನೂನು ಅಷ್ಟರಲ್ಲೇ ಮುಂದೆ ಹೋಗಿತ್ತು ಎಂಬುದು ಗಮನಿಸಬೇಕಾದ ಸಂಗತಿ. 1872ರ ಸಾಕ್ಷ್ಯ ಕಾಯ್ದೆ ಸಾರ್ವಜನಿಕ ದಾಖಲೆ ಎಂದರೇನು ಎಂದು ಹೇಳಿ, ನೋಡುವ ಹಕ್ಕಿರುವವನು ಕೇಳಿದರೆ ಶುಲ್ಕ ಪಡೆದು ದೃಢೀಕೃತ ನಕಲು ಕೊಡಬೇಕು ಎಂದಿತು. 1908ರ ನೋಂದಣಿ ಕಾಯ್ದೆ ಇನ್ನೂ ಸೂಕ್ಷ್ಮವಾಗಿ ಯೋಚಿಸಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೆಯ ಪುಸ್ತಕ ಸ್ಥಿರಾಸ್ತಿಯ ಪತ್ರಗಳದ್ದು. ಅದನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು. ಮೂರನೆಯ ಪುಸ್ತಕ ಉಯಿಲುಗಳದ್ದು. ಬರೆದವನು ಬದುಕಿರುವವರೆಗೆ ಅದರ ನಕಲು ಅವನಿಗೆ ಮಾತ್ರ, ಸತ್ತ ಮೇಲೆ ಕೇಳಿದವರಿಗೆ. ನಾಲ್ಕನೆಯದು ಇತರ ಪತ್ರಗಳದ್ದು. ಅದು ಪತ್ರದ ಕಕ್ಷಿದಾರರಿಗೆ ಮಾತ್ರ. ಭೂಮಿ ಕೊಳ್ಳುವವನಿಗೆ ಮೋಸವಾಗಬಾರದು ಎಂಬುದಕ್ಕೆ ಮೊದಲ ಪುಸ್ತಕ ತೆರೆದಿರಬೇಕು. ಬದುಕಿರುವವನ ಮನೆಯೊಳಗೆ ಜಗಳ ಹತ್ತಬಾರದು ಎಂಬುದಕ್ಕೆ ಮೂರನೆಯದು ಮುಚ್ಚಿರಬೇಕು. ಯಾವ ಮಾಹಿತಿ, ಯಾರಿಗೆ, ಯಾವಾಗ ಎಂದು ಬಿಡಿಸಿ ಕೇಳಿದ ಈ ಹಳೆಯ ವಿಂಗಡಣೆಯಷ್ಟು ಸ್ಪಷ್ಟತೆ ಮುಂದಿನ ಕಾನೂನುಗಳಲ್ಲಿ ಅಪರೂಪ. ಆದರೆ ಅದೇ ಆಳ್ವಿಕೆ 1923ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯನ್ನೂ ತಂದಿತು. ಗೂಢಚಾರರಿಗಾಗಿ ಮಾಡಿದ ಆ ಕಾನೂನಿನ ನೆರಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನವರೆಗೂ ಚಾಚಿತು. ಕಾಗದ ತೋರಿಸದಿರುವುದು ಸುರಕ್ಷಿತ, ತೋರಿಸುವುದು ಅಪಾಯ ಎಂಬ ಅಭ್ಯಾಸ ಗುಮಾಸ್ತನ ಮೈಗೆ ಹತ್ತಿತು.

ದಾಖಲೆ ಕಾಣದಿದ್ದರೆ ಏನಾಗುತ್ತದೆ ಎಂಬುದು ಗೇಣಿದಾರರ ಪ್ರಕರಣದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಹೊನ್ನಾಳಿ ಮತ್ತು ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿ ಅಳೆಯುವ ಕೊಳಗದ ಗಾತ್ರ ಅಲ್ಲಿನ ತಕ್ಷಣದ ಜಗಳ. ಅದರ ಹಿಂದೆ ಇನ್ನೊಂದಿತ್ತು: ತಲೆಮಾರಿನಿಂದ ಉತ್ತವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕತೊಡಗಿದಾಗ ಇಡೀ ವ್ಯಾಜ್ಯ ನಿಂತದ್ದು ಆ 12ನೇ ಕಾಲಂ ಮೇಲೆ. ಯಾರ ಹೆಸರು ಅಲ್ಲಿ ಬಿತ್ತು, ಯಾರದ್ದು ಬೀಳಲಿಲ್ಲ, ಯಾವ ವರ್ಷ ‘ಸ್ವಂತ’ ಎಂದು ಬರೆಯಲಾಯಿತು ಎಂಬುದನ್ನು ಉತ್ತವನು ಎಷ್ಟೋ ಸಲ ಮೊದಲ ಬಾರಿಗೆ ತಿಳಿದದ್ದು ಭೂನ್ಯಾಯಮಂಡಳಿಯ ಮುಂದೆ. 1964ರ ಭೂಕಂದಾಯ ಕಾಯ್ದೆ ಪಹಣಿಯ ನಮೂದನ್ನು, ಸುಳ್ಳೆಂದು ತೋರಿಸುವವರೆಗೆ ಸತ್ಯವೆಂದೇ ಭಾವಿಸಬೇಕು ಎನ್ನುತ್ತದೆ. ಸುಳ್ಳೆಂದು ತೋರಿಸಲು ಮೊದಲು ಅದನ್ನು ನೋಡಬೇಕಲ್ಲ!

ಅಷ್ಟರಲ್ಲಿ ಶಾನುಭೋಗಿಕೆ ಕಾಗದದ ಮೇಲೆ ಮುಗಿದಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ವಂಶದ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ಜನರ ಬಾಯಲ್ಲಿ ಅವನೂ ಶಾನುಭೋಗನೇ ಆದ, ಅವನ ಚೀಲವೂ ಹಳೆಯ ಪೆಟ್ಟಿಗೆಯ ಕೆಲಸವನ್ನೇ ಮಾಡಿತು. ಹಲವು ಊರುಗಳಿಗೆ ಒಬ್ಬ. ಇಂದು ಒಂದೂರಲ್ಲಿ, ನಾಳೆ ಸಂತೆಯಲ್ಲಿ, ನಾಡಿದ್ದು ತಾಲ್ಲೂಕು ಆಫೀಸಿನ ಮೀಟಿಂಗಿನಲ್ಲಿ. ಪಹಣಿ ಬೇಕಾದವನು ಅವನನ್ನು ಹುಡುಕಬೇಕು. ಕೈಬರಹದ ಪಹಣಿಗಳಲ್ಲಿ ಹೊಡೆದುಹಾಕಿದ ಹೆಸರು, ಸಾಲಿನ ನಡುವೆ ಸೇರಿದ ಹೆಸರು, ಎಂ.ಆರ್. (ಹಕ್ಕು ಬದಲಾವಣೆಯ ಮ್ಯುಟೇಷನ್ ರಿಜಿಸ್ಟರ್) ನಂಬರಿಲ್ಲದ ವರ್ಗಾವಣೆ ಇವೆಲ್ಲ ಸಿವಿಲ್ ಕೋರ್ಟುಗಳಿಗೆ ಚೆನ್ನಾಗಿ ಪರಿಚಯ.

ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ ಭೂಮಿ ಯೋಜನೆಯನ್ನು ನಡೆಸಿದ್ದು ಈ ಹಿನ್ನೆಲೆಯಲ್ಲಿ. ಅದರ ಹಿಂದೆ ನಿಂತ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಚದುರಿದ್ದ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ತಾಲ್ಲೂಕು ಕಚೇರಿಗಳ ಕಂಪ್ಯೂಟರು ಸೇರಿದವು. ಒಂದೊಂದು ತಾಲ್ಲೂಕಿನ ನಮೂದು ಮುಗಿದಂತೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಅಧಿಸೂಚನೆ ಹೊರಟಿತು. ಗ್ರಾಮಲೆಕ್ಕಿಗನ ಚೀಲವನ್ನು ಖಾಲಿ ಮಾಡಿದ್ದು ಕಂಪ್ಯೂಟರಿಗಿಂತ ಹೆಚ್ಚಾಗಿ ಈ ಅಧಿಸೂಚನೆ. ಹಳೆಯ ಪಹಣಿಯೂ ನಡೆಯುತ್ತದೆ ಎಂದಿದ್ದರೆ ಹೊಸದು ಅಲಂಕಾರಕ್ಕೆ ಉಳಿಯುತ್ತಿತ್ತು.

ಕೌಂಟರಿನ ವ್ಯವಸ್ಥೆಯಲ್ಲೂ ಜಾಣತನವಿತ್ತು. ನೌಕರನ ಎದುರಿನ ಪರದೆಯಲ್ಲಿ ಕಾಣುವುದು ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆ ಇಟ್ಟರು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಾಯಿತು, ನಾನಲ್ಲ ಎನ್ನುವಂತಿರಲಿಲ್ಲ. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕಾಯಿತು. ಒಂದು ಪಹಣಿಗೆ ಆಗ 15 ರೂಪಾಯಿ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗಿತ್ತು ಎಂದವರು ಮೂರರಲ್ಲಿ ಎರಡು ಪಾಲು. ಭೂಮಿ ಕೌಂಟರಿನಲ್ಲಿ ಹಾಗೆಂದವರು ಶೇ. 3ರಷ್ಟು ಮಾತ್ರ. ದೇಶದ ಬೇರೆ ರಾಜ್ಯಗಳು ಬಂದು ನೋಡಿಹೋದ ಯೋಜನೆ ಇದು.

ಹೊಗಳಿಕೆಯ ಜೊತೆಗೆ ಟೀಕೆಯೂ ಬಂತು, ಮತ್ತು ಅದು ಹಗುರವಾದ ಟೀಕೆಯಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲ ಹಳ್ಳಿಗಳನ್ನು ನೋಡಿ ಬರೆದ ಅಧ್ಯಯನದ ವಾದ ಹೀಗೆ: ದಾಖಲೆ ಊರಿನಿಂದ ತಾಲ್ಲೂಕಿಗೆ ಹೋದಾಗ ಲಂಚ ಸಾಯಲಿಲ್ಲ, ಮೇಲಕ್ಕೆ ಹತ್ತಿತು, ಎಲ್ಲರಿಗೂ ತೆರೆದ ದಾಖಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿದವರು ದೊಡ್ಡ ಮೊತ್ತದ ಭೂಮಿ ಖರೀದಿದಾರರು. ಊರಿನ ಗ್ರಾಮಲೆಕ್ಕಿಗನಿಗೆ ಯಾರು ಯಾವ ಮೂಲೆಯಲ್ಲಿ ಉಳುತ್ತಾರೆ ಎಂಬುದು ಗೊತ್ತಿತ್ತು, ಕಂಪ್ಯೂಟರಿಗೆ ಕಾಲಂನಲ್ಲಿ ಇದ್ದದ್ದು ಮಾತ್ರ ಗೊತ್ತು. ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಕಡೆ ಬೆಂಗಳೂರಿನ ಮಟ್ಟದ ಖರೀದಿದಾರರ ದಂಡು ಇಲ್ಲದಿರಬಹುದು. ಆದರೆ ಅಜ್ಜನ ಹೆಸರಿನಲ್ಲೇ ಉಳಿದು ಪೌತಿ ಖಾತೆಯಾಗದ ಹೊಲ, ಬಾಯಿಮಾತಿನಲ್ಲಿ ಆದ ಪಾಲು, ‘ಸರ್ಕಾರ’ ಎಂದೇ ಇರುವ ಬಗರ್‌ಹುಕುಂ ಸಾಗುವಳಿ ಇಲ್ಲಿಯೂ ಧಾರಾಳ. ಅಂಥವರ ಪಾಲಿಗೆ ಜಗತ್ತಿಗೆ ತೆರೆದ ಪಹಣಿ ಎಂದರೆ ತಮ್ಮ ಹೆಸರಿಲ್ಲದಿರುವುದು ಜಗತ್ತಿಗೆ ಕಾಣುವುದು.

ಆಡಳಿತದ ಗಡಿಗಳೂ ಅಷ್ಟರಲ್ಲಿ ಸರಿದವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಎರಡು ದಶಕಗಳ ನಂತರ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಆದ್ದರಿಂದ ಈ ಭಾಗದ ಒಂದು ಹೊಲದ ಹಳೆಯ ಕ್ರಯಪತ್ರ ಒಂದು ಜಿಲ್ಲೆಯ ಹೆಸರು ಹೇಳಿದರೆ ಹೊಸ ಪಹಣಿ ಇನ್ನೊಂದನ್ನು ಹೇಳುತ್ತದೆ. ಜಾಲತಾಣದಲ್ಲಿ ತಾಲ್ಲೂಕು ಆರಿಸಿದವನಿಗೆ ಸಿಗುವುದು ಇಂದಿನ ಹೆಸರು; ಹಿಂದಿನದು ಬೇಕಾದರೆ ಯಾವ ಕಾಲದಲ್ಲಿ ಊರು ಎಲ್ಲಿತ್ತು ಎಂಬ ಚರಿತ್ರೆ ತಿಳಿದಿರಬೇಕು.

ಪಹಣಿಯ ಕಿಟಕಿ ಊರಿಗೆ ಹತ್ತಿರವಾದದ್ದು ನಿಧಾನವಾಗಿ. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದ ನೆಮ್ಮದಿ ಕೇಂದ್ರಗಳು ಬಂದವು. ಮುಂದೆ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಅವುಗಳ ಜಾಗಕ್ಕೆ ಬಂದವು. ಗ್ರಾಮ ಒನ್ ಆಮೇಲಿನದು. ಮೊಬೈಲಿನಲ್ಲೇ ಪಹಣಿ ನೋಡುವ ಕಾಲ ಬಂದರೂ ಹಲವು ರೈತರು ಜೆರಾಕ್ಸ್ ಅಂಗಡಿಯ ಹುಡುಗನ ಕೈಯಿಂದಲೇ ತೆಗೆಸುತ್ತಾರೆ. ಅಂಗಡಿಯವನಿಗೆ ಒ.ಟಿ.ಪಿ.ಯನ್ನೂ ಹೇಳುತ್ತಾರೆ.

ಮಾಹಿತಿ ಹಕ್ಕಿನ ಕಥೆ ಇದಕ್ಕೆ ಸಮಾನಾಂತರವಾಗಿ ನಡೆದದ್ದು. 1990ರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಬರಗಾಲ ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಊರ ನಡುವೆ ಗಟ್ಟಿಯಾಗಿ ಓದಿಸಿತು. ಸತ್ತವರ ಹೆಸರಿಗೆ ಕೂಲಿ, ಕಟ್ಟದ ಕಟ್ಟೆಗೆ ಬಿಲ್ಲು ಹೊರಬಿದ್ದವು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತು. ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಯಾಯಿತು. ಅದರ 4ನೇ ಕಲಂ, ಯಾರೂ ಕೇಳುವ ಮೊದಲೇ ಕಚೇರಿಗಳು ತಮ್ಮ ಮಾಹಿತಿಯನ್ನು ತಾವಾಗಿ ಪ್ರಕಟಿಸಬೇಕು ಎನ್ನುತ್ತದೆ. 8ನೇ ಕಲಂ ಯಾವುದನ್ನು ಕೊಡಬೇಕಾಗಿಲ್ಲ ಎಂದು ಹೇಳುತ್ತದೆ. ಅದರ 8(1)(ಜೆ) ಉಪಕಲಂ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನವನ್ನು ಅನಗತ್ಯವಾಗಿ ಕೆದಕುವ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಟ್ಟಿತ್ತು. ಜೊತೆಗೆ ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತನ್ನೂ ಸೇರಿಸಿತ್ತು. ಗ್ರಾಮ ಪಂಚಾಯಿತಿಗಳ ಜಮಾಬಂದಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುವುದು, ಉದ್ಯೋಗ ಖಾತರಿಯ ಹಾಜರಿ ಪಟ್ಟಿ ಜಾಲದಲ್ಲಿ ಕಾಣುವುದು ಇವೆಲ್ಲ ಇದೇ ದಾರಿಯವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಒತ್ತುವರಿ ಅಳೆದು ಗಡಿ ಗುರುತಿಸಬೇಕೆಂದು ನಡೆದ ಹೋರಾಟಕ್ಕೂ ಸರ್ಕಾರದ ನಕ್ಷೆ ಮತ್ತು ಅಳತೆಯೇ ಆಧಾರ.

ತೆರೆದದ್ದರ ಕೆಡುಕು ಕಾಣಿಸಿಕೊಂಡದ್ದು ಆಧಾರ್ ಬಂದ ಮೇಲೆ. ಹಿಂದೆ ಪಟ್ಟಿಯಲ್ಲಿ ಇರುತ್ತಿದ್ದದ್ದು ಹೆಸರು, ತಂದೆಯ ಹೆಸರು, ಊರು. ಈಗ ಅದರ ಪಕ್ಕದಲ್ಲಿ 12 ಅಂಕೆಯ ನಂಬರು, ಬ್ಯಾಂಕ್ ಖಾತೆ ಸೇರಿದವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಉದ್ಯೋಗ ಖಾತರಿ ಮತ್ತು ಸಾಮಾಜಿಕ ಪಿಂಚಣಿಯ ತಾಣಗಳೂ ಸೇರಿ ನಾಲ್ಕು ಸರ್ಕಾರಿ ಜಾಲತಾಣಗಳಿಂದಲೇ 13 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆಗಳು ಬಯಲಾಗಿದ್ದಿರಬಹುದು. ಯಾರೂ ಕದ್ದದ್ದಲ್ಲ, ಪಾರದರ್ಶಕತೆ ಎಂದು ಕಚೇರಿಗಳೇ ಹಾಕಿದ್ದು. ಕೂಲಿ ಯಾರಿಗೆ ಸಂದಿತು ಎಂದು ಊರು ತಿಳಿಯಬೇಕು. ಕೂಲಿ ಪಡೆದವರ ಖಾತೆ ನಂಬರು ಊರಿಗೆ ಬೇಕಿಲ್ಲ. ಈ ಸರಳ ವ್ಯತ್ಯಾಸವನ್ನು ಪಟ್ಟಿ ಹಾಕಿದವರು ಮಾಡಲಿಲ್ಲ.

ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹಾಕಿದ ಅರ್ಜಿ ಅಲ್ಲಿಗೆ ಮುಟ್ಟಿತ್ತು. ತೀರ್ಪು ಖಾಸಗಿತನವನ್ನು ವ್ಯಕ್ತಿಯ ಘನತೆಗೆ ಸೇರಿಸಿತು. ಕಚೇರಿಗೆ ಅಂಥ ಘನತೆಯ ಹಕ್ಕು ಇದೆ ಎಂದು ಅದು ಎಲ್ಲೂ ಹೇಳಲಿಲ್ಲ.

ಭೂದಾಖಲೆಯಲ್ಲೇ ಹಾನಿ ಕಂಡದ್ದು 2023ರಲ್ಲಿ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳ ಪ್ರತಿಗಳಲ್ಲಿ ಪಕ್ಷಗಾರರ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಎರಡೂ ಇದ್ದವು. ವಂಚಕರು ಆ ಗುರುತಿನ ನಕಲು ಅಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದರು. ಬೆಂಗಳೂರಿನಲ್ಲಿ ದೂರುಗಳು ಬಂದವು, ಬಂಧನಗಳಾದವು, ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಜನರಿಗೆ ಹೇಳಿದರು, ತಾಣದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು. 1908ರ ಕಾಯ್ದೆ ಒಂದನೆಯ ಪುಸ್ತಕವನ್ನು ಎಲ್ಲರಿಗೂ ತೆರೆದಾಗ ನೋಡಬೇಕಾದವನು ಕಚೇರಿಗೆ ಬಂದು, ಅರ್ಜಿ ಬರೆದು, ಶುಲ್ಕ ಕಟ್ಟಿ, ಗುಮಾಸ್ತನ ಎದುರು ಕೂತು ನೋಡಬೇಕಿತ್ತು. ಆ ತೊಂದರೆಯೇ ಒಂದು ಕಾವಲಾಗಿತ್ತು. ಜಾಲಕ್ಕೆ ಬಂದಾಗ ಕಾನೂನು ಬದಲಾಗಲಿಲ್ಲ, ಕಾವಲು ಮಾತ್ರ ಹೋಯಿತು. ಪಹಣಿಯ 11ನೇ ಕಾಲಂಗೂ ಇದೇ ಮಾತು ಸಲ್ಲುತ್ತದೆ. ಭೂಮಿ ಕೊಳ್ಳುವವನಿಗೆ ಸಾಲ ಗೊತ್ತಾಗಬೇಕಾದದ್ದು ನ್ಯಾಯ. ಆದರೆ ಹೊಲ ಮಾರುವ ಯೋಚನೆಯೇ ಇಲ್ಲದವನ ಬ್ಯಾಂಕಿನ ಸಾಲವನ್ನು ಊರಿಗೆ ಊರೇ, ಬೀಗರಾಗಲು ಬಂದವರೂ ಸೇರಿ, ಬೆರಳ ತುದಿಯಲ್ಲಿ ನೋಡಬೇಕೆ ಎಂದು ಯಾರೂ ಗಂಭೀರವಾಗಿ ಕೇಳಿಲ್ಲ.

ಇನ್ನೊಂದು ದಿಕ್ಕಿನಲ್ಲಿ ಕೆಲವು ಬೀಗಗಳು ಬಿಚ್ಚಿಕೊಂಡಿವೆ. ನಕ್ಷೆಗಳನ್ನು ದಶಕಗಟ್ಟಲೆ ರಕ್ಷಣೆಯ ಹೆಸರಿನಲ್ಲಿ ನಿರ್ಬಂಧಿಸಿದ್ದ ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಆ ನಿಯಮಗಳನ್ನು ಸಡಿಲಿಸಿತು. ಅದಕ್ಕೂ ಮೊದಲೇ ಕರ್ನಾಟಕದ ದಿಶಾಂಕ್ ಆಪ್ ಹೊಲದಲ್ಲಿ ನಿಂತವನಿಗೆ ಅವನು ನಿಂತ ಸರ್ವೆ ನಂಬರು ತೋರಿಸುತ್ತಿತ್ತು. ಸರ್ಕಾರಿ ಗೋಮಾಳ, ಕೆರೆ, ಹಳ್ಳ ಯಾವುದು ಎಂದು ಊರಿನ ಹುಡುಗರಿಗೆ ತಿಳಿಯುವಂತಾದದ್ದು ಅದರ ದೊಡ್ಡ ಲಾಭ. 2021ರಲ್ಲಿ ರಾಜ್ಯ ಸರ್ಕಾರ ಹಲವು ಇಲಾಖೆಗಳ ಮಾಹಿತಿಯನ್ನು ಒಂದೇ ಕಡೆ ಕೊಡುವ ಮಾಹಿತಿ ಕಣಜ ತಾಣವನ್ನು ತೆರೆಯಿತು. ರಾಜಸ್ಥಾನದ ಜನಸೂಚನಾ ತಾಣ ಅದಕ್ಕೆ ಎರಡು ವರ್ಷ ಮೊದಲಿನದು. ತಾಲ್ಲೂಕು ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಯಿತು. ಇದು ಭೂಮಿ ಯೋಜನೆ ಬಿಟ್ಟಿದ್ದ ಕೆಲಸ. ಭೂಮಿ ಕಂಪ್ಯೂಟರಿಗೆ ತಂದದ್ದು ಆ ದಿನದ ಪಹಣಿಯನ್ನು; ಅದರ ಹಿಂದಿನ ಕೈಬರಹ, ಮಂಜೂರಾತಿ ಕಡತ, ಸಾಗುವಳಿ ಚೀಟಿಯ ಮೂಲ ಗೆದ್ದಲಿನ ಪಾಲಿಗೋ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹದ ಪಾಲಿಗೋ ಉಳಿದಿತ್ತು. ಅದೇ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಆಂದೋಲನವೂ ನಡೆಯಿತು. ಬೇರೊಬ್ಬರ ಹೆಸರಿನಲ್ಲಿ ಸುಳ್ಳು ಮಾರಾಟ ತಪ್ಪಿಸುವುದು, ಸತ್ತವರ ಖಾತೆ ಗುರುತಿಸುವುದು ಅದರ ಉದ್ದೇಶ. ಅದರ ಜೊತೆಗೇ ಒಬ್ಬ ವ್ಯಕ್ತಿಗೆ ರಾಜ್ಯದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಜಮೀನಿದೆ ಎಂದು ಒಂದೇ ಕಡೆ ಕೂಡಿಸಿ ನೋಡುವ ಶಕ್ತಿಯೂ ಸರ್ಕಾರಕ್ಕೆ ಬಂತು. ಸರ್ವೆ ನಂಬರಿನಿಂದ ಹೊಲ ಹುಡುಕುವುದಕ್ಕೂ ಮನುಷ್ಯನಿಂದ ಹೊಲ ಹುಡುಕುವುದಕ್ಕೂ ಅಂತರ ದೊಡ್ಡದು. ಮೊದಲನೆಯದು ಕೊಳ್ಳುವವನ ಪ್ರಶ್ನೆಗೆ ಉತ್ತರ, ಎರಡನೆಯದು ವ್ಯಕ್ತಿಯ ಚಿತ್ರ.

ವ್ಯಕ್ತಿಯ ವಿವರವನ್ನೂ ತೆರೆದಿಟ್ಟ ದೇಶವಿದೆ. ಸ್ವೀಡನ್ 1766ರಲ್ಲೇ ಸರ್ಕಾರಿ ಕಾಗದ ನೋಡುವ ಹಕ್ಕನ್ನು ಕಾನೂನು ಮಾಡಿತು. ಅಲ್ಲಿ ಒಬ್ಬರ ತೆರಿಗೆಗೆ ಒಳಪಟ್ಟ ಆದಾಯವನ್ನು ಇನ್ನೊಬ್ಬರು ಕೇಳಿ ತಿಳಿಯಬಹುದು. ಭಾರತ ಹೋದದ್ದು ಬೇರೆ ಕಡೆಗೆ. 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೌಕರನ ಮೇಲಿನ ಶಿಸ್ತುಕ್ರಮದ ಕಾಗದ, ಆಸ್ತಿ ವಿವರ, ತೆರಿಗೆ ವಿವರಗಳು ದೊಡ್ಡ ಸಾರ್ವಜನಿಕ ಹಿತ ಕಾಣದ ಹೊರತು ವೈಯಕ್ತಿಕ ಮಾಹಿತಿ ಎಂದಿತು. ಅಲ್ಲಿಂದ ಮುಂದೆ ತಾಲ್ಲೂಕು ಕಚೇರಿಯ ಹಿಂಬರಹಗಳಲ್ಲಿ 8(1)(ಜೆ) ಸಾಮಾನ್ಯವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಆ ಉಪಕಲಂ ಅನ್ನು ಮೊಟಕು ಮಾಡಿ, ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಇದ್ದರೂ ನಿರಾಕರಿಸಬಹುದು ಎಂದಿತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿದೆಯೇ ಎಂಬ ಪರೀಕ್ಷೆಯೂ, ಶಾಸನಸಭೆಗೆ ಕೊಡಬೇಕಾದದ್ದು ಪ್ರಜೆಗೂ ಎಂಬ ಮಾತೂ ಹೋದವು. ಆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಾಗ ಈ ತಿದ್ದುಪಡಿಯೂ ಜಾರಿಯಾಯಿತು.

ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಗೋವಿನಕೋವಿಯ ಸಣ್ಣ ಹಿಡುವಳಿದಾರನ ಸಾಲ ಪಹಣಿಯಲ್ಲಿ ತೆರೆದೇ ಇದೆ. ಅವನ ಮ್ಯುಟೇಷನ್ ಅನ್ನು ತಿಂಗಳುಗಟ್ಟಲೆ ಹಿಡಿದಿಟ್ಟ ನೌಕರನ ಮೇಲೆ ವಿಚಾರಣೆ ಆಯಿತೇ, ಆದರೆ ಏನಾಯಿತು ಎಂದು ಅವನು ಕೇಳಿದರೆ ಅದು ವೈಯಕ್ತಿಕ ಮಾಹಿತಿ. ಖಾಸಗಿತನ ಬೇಕಾದದ್ದು ಹೆಬ್ಬೆಟ್ಟಿಗೆ, ಆಧಾರ್ ನಂಬರಿಗೆ, ಬ್ಯಾಂಕ್ ಖಾತೆಗೆ, ರೋಗದ ವಿವರಕ್ಕೆ. ಅದು ಅಲ್ಲಿ ತಡವಾಗಿ, ಹಾನಿಯಾದ ಮೇಲೆ ಬಂತು. ಕಚೇರಿಯ ಗುಟ್ಟಿಗೆ ಮಾತ್ರ ಅದು ಬೇಗ ಸಿಕ್ಕಿತು.

ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಇನ್ನೂ ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು. ಹಾಗೆ ಕೇಳುವವರು ಆ ಹಿತ ಯಾವುದೆಂದು ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು, ಏಕೆಂದರೆ ಮೊದಲು ತೂಗಿ ನೋಡುವವನು ಮಾಹಿತಿ ಇಟ್ಟುಕೊಂಡ ಕಚೇರಿಯ ಅಧಿಕಾರಿಯೇ. ಅವನ ಉತ್ತರ ಒಪ್ಪದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.